ಮೇಲ್ಹೆಸರಿನ ಖಾನೆ

ಶಾರ್ಜಾ, ರೋಲಾದ ಹಿಂಬದಿಯ ಟೈಪಿಂಗ್ ಸೆಂಟರು.
ಎ.ಸಿ. ಸೋರುವಲ್ಲಿ ಯಾರೋ ಇಟ್ಟ ಐಸ್‌ಕ್ರೀಮ್ ಡಬ್ಬಿ.
ಶಮ್ನಾದ್ ಕೀಬೋರ್ಡಿನಿಂದ ತಲೆಯೆತ್ತದೆ ಕೇಳುತ್ತಾನೆ:
"ಸ್ಪಾನ್ಸರ್ ಯಾರು, ಸಾರ್?"
ಸಾರ್ ನನ್ನ ಕಡೆ ಬೆರಳು ತೋರಿಸುತ್ತಾನೆ.
ಶಮ್ನಾದ್ ಈಗ ತಲೆಯೆತ್ತುತ್ತಾನೆ.

ಹೌದಪ್ಪಾ, ನಾನೇ.
ಲ್ಯಾಬಿನಲ್ಲಿ ಕೂತು ಊರವರ ರಕ್ತ ಎಣಿಸುವವಳು,
ಗಂಡನನ್ನು ನನ್ನ ಸಂಬಳದ ಚೀಟಿಯ ನೆರಳಿಗೆ
ಕರೆದುಕೊಳ್ಳಲು ಬಂದಿದ್ದೇನೆ.
ಅವನ ಟೈಲ್ಸ್ ಕಂಪನಿ ರಂಜಾನಿಗೆ ಮೊದಲೇ ಬಾಗಿಲು ಹಾಕಿತು.
ಗಡುವಿಗೆ ಇನ್ನು ಹನ್ನೊಂದು ದಿನ.

"ನಿಮ್ಮ ಮೇಲ್ಹೆಸರು?"
ಇಲ್ಲ.
"ಇಲ್ಲ ಅಂದರೆ?"
ಇಲ್ಲ ಅಂದರೆ ಇಲ್ಲ. ತುಳಸವ್ವ, ಅಷ್ಟೇ.
ಹಿರೇಕೆರೂರಿನ ಶಾಲೆಯಲ್ಲಿ ಮಾಸ್ತರು ಕೂಗಿದರೆ
ಎದ್ದು ನಿಲ್ಲಲು ಅಷ್ಟು ಸಾಕಾಗಿತ್ತು.
ಶಮ್ನಾದ್ ಆ ಖಾನೆಯಲ್ಲಿ ಒಂದು ಚುಕ್ಕಿ ಇಡುತ್ತಾನೆ.
ಚುಕ್ಕಿಯೇ ನನ್ನ ವಂಶ.

"ಸಾರ್‌ದು?"
ಅವನಿಗೆ ಮೇಲ್ಹೆಸರೇ ಮೊದಲು, ತಾನು ಆಮೇಲೆ.
ಲ್ಯೂ ಛಂಗ್‌ಹಾಯ್.
ಪಾಸ್‌ಪೋರ್ಟಿನಲ್ಲಿ ಎಲ್ ವೈ ಯು,
ಮದುವೆಯ ಕೆಂಪು ಪುಸ್ತಕದ ಇಂಗ್ಲಿಷಿನಲ್ಲಿ ಎಲ್ ವಿ,
ಅದರಿಂದಿಳಿದ ಅರಬ್ಬಿಯಲ್ಲಿ ಬರೀ "ಲ್ಫ್".
ಕರಾಮಾದ ನಕಲಿ ಬ್ಯಾಗುಗಳ ಮೇಲಿನ ಅಕ್ಷರ ಇದು,
ಎಂದು ಶಮ್ನಾದ್ ನಗಬಾರದೆಂದುಕೊಂಡೇ ನಗುತ್ತಾನೆ.
ನಾವೂ ನಗುತ್ತೇವೆ.
ಮತ್ತೊಮ್ಮೆ ಅನುವಾದಕ್ಕೆ ನೂರೈವತ್ತು ದಿರ್ಹಂ.

ಆ ಪುಸ್ತಕದೊಳಗೆ ಕೆಂಪು ಪರದೆಯ ಮುಂದೆ
ಬಿಳಿ ಅಂಗಿ ತೊಟ್ಟು ಭುಜಕ್ಕೆ ಭುಜ ತಾಗಿಸಿ ಕೂತಿದ್ದೇವೆ.
ಅದರ ಪ್ರತಿಯ ಬೆನ್ನಿಗೆ ಜಿನಾನ್, ಬೀಜಿಂಗ್, ಅಬುಧಾಬಿ.
ಮದುವೆಗೆ ಬಂದವರಿಗಿಂತ
ಬಿದ್ದ ಮುದ್ರೆಗಳೇ ಹೆಚ್ಚು.

ಆ ಸ್ವರ ನನಗೂ ಬರುತ್ತಿರಲಿಲ್ಲ.
ತುಟಿ ಊ ಅನ್ನಬೇಕು, ನಾಲಿಗೆ ಈ ಅನ್ನಬೇಕು,
ಎರಡೂ ಒಂದೇ ಉಸಿರಿನಲ್ಲಿ.
ಕಾಗುಣಿತವಿಡೀ ಹುಡುಕಿದೆ, ಆ ಕೊಂಬು ಇಲ್ಲ.
ಅವನಿಗೆ ನನ್ನ ಳ ಬಾರದು.
ತುಲಸ, ಎನ್ನುತ್ತಾನೆ,
ಅವ್ವನನ್ನು ಬಾಗಿಲಾಚೆ ಬಿಟ್ಟು.

ನಿಜದ ಅವ್ವ ಫೋನಿನ ಗಾಜಿನೊಳಗಿದ್ದಾಳೆ.
ಅವನ ಇಂಡಿಯಾ ವೀಸಾ ಎರಡು ವರ್ಷದಿಂದ
"ಪರಿಶೀಲನೆಯಲ್ಲಿದೆ".
ಶುಕ್ರವಾರಕ್ಕೊಮ್ಮೆ ಅದೇ ಪ್ರಶ್ನೆ:
"ಅವಂಗ ರೊಟ್ಟಿ ಸೇರ್ತಾವಿಲ್ಲಬೇ?"

ಸೇರ್ತಾವವ್ವಾ.
ಮೊದಲ ವರ್ಷ ಜೋಳದ ಹಿಟ್ಟಿನ ಚೀಲಕ್ಕೆ ಮೂಗಿಟ್ಟು
"ಗಾವ್‌ಲ್ಯಾಂಗ್" ಅಂದು ಸುಮ್ಮನಾದ.
ಅವನ ಅಜ್ಜಿ ಇದೇ ಜೋಳ ನೆನೆಸಿ, ರುಬ್ಬಿ,
ಬಂಡಿಗಾಲಿಯಷ್ಟು ಹಂಚಿನ ಮೇಲೆ
ಕಾಗದದ ಹಾಗೆ ಎಳೆಯುತ್ತಿದ್ದಳಂತೆ,
ಹಸಿ ಉಳ್ಳಾಗಡ್ಡಿ ಸುತ್ತಿ ತಿನ್ನಲಿಕ್ಕೆ.
ನಾವೂ ಹಾಗೇ ತಿನ್ನೋದು ಅಂದೆ. ನಂಬಲಿಲ್ಲ.
ಬಡಿದು ತೋರಿಸಿದೆ.
ಸದ್ದಿಗೆ ಕೆಳಮನೆಯ ಈಜಿಪ್ಟಿನವರು ಬಂದು ಬಾಗಿಲು ತಟ್ಟಿದರು,
ಎರಡು ರೊಟ್ಟಿ ಒಯ್ದರು.

ಈ ರಾತ್ರಿ ಮೆಲ್ಲಗೆ ಬಡಿಯುತ್ತಿದ್ದೇನೆ.
ಅವನು ಬಿಸಿನೀರು ಗುಟುಕರಿಸುತ್ತ
(ಹೊರಗೆ ಇನ್ನೂ ಮೂವತ್ತೊಂಬತ್ತು ಡಿಗ್ರಿ)
ಉಳ್ಳಾಗಡ್ಡಿಯ ಹಸಿರು ಹೆಚ್ಚುತ್ತಿದ್ದಾನೆ.
ಮೊಣಕೈ ಒಳಗೆ ಮೆಡಿಕಲ್‌ನ ಹತ್ತಿ ಅಂಟಿಕೊಂಡೇ ಇದೆ.
ಇವನ ನರ ಸಿಗುವುದು ಕಷ್ಟ.
ಅಲ್ಲಿಯ ಹುಡುಗಿ ಮೂರು ಸಲ ಚುಚ್ಚಿದಳು,
ನಾನಾಗಿದ್ದರೆ ಒಂದೇ.

ಫೋನು ಮಿಣುಕುತ್ತದೆ. ಇಮಿಗ್ರೇಶನ್.
ಪೂರಾ ಅರಬ್ಬಿ. ಇಬ್ಬರೂ ಬಗ್ಗಿ
ಬಲದಿಂದ ಎಡಕ್ಕೆ ನೋಡುತ್ತೇವೆ,
ಅರ್ಜಿಯ ನಂಬರು ಮಾತ್ರ ನಮ್ಮದೆಂದು ತಿಳಿಯುತ್ತದೆ.
ಒಪ್ಪಿಗೆಯೋ, ಇನ್ನೊಂದು ಕಾಗದವೋ.
ಅನುವಾದದ ಗುಂಡಿಯ ಮೇಲೆ ಅವನ ಬೆರಳು.

ತಡಿ, ಎನ್ನುತ್ತೇನೆ ಕನ್ನಡದಲ್ಲೇ,
ಹಂಚಿನ ಮೇಲೆ ರೊಟ್ಟಿ ಉಬ್ಬುತ್ತಿದೆ.